ಕಾರ್ಲೆಸ್ ಪುಯೋಲ್: ನಾವು ಮೆಚ್ಚಿದ್ದು ಎದೆಗಾರಿಕೆಯನ್ನೋ, ಆಟದ ಅರಿವನ್ನೋ?

ಬಲಬದಿಯ ರಕ್ಷಕ:

ಬಾರ್ಸಿಲೋನಾ ಮತ್ತು ಸ್ಪೇನ್ ಫುಟ್‌ಬಾಲ್ ತಂಡಗಳ ರಕ್ಷಣಾ ಆಟಗಾರ ಕಾರ್ಲೆಸ್ ಪುಯೋಲ್ ಅವರ ಹೆಸರು ಬಂದಾಗಲೆಲ್ಲ ನಮ್ಮಲ್ಲಿ ಮೊದಲು ಉದ್ದ ಕೂದಲಿನ ಮಾತು ಬರುತ್ತದೆ, ಆಮೇಲೆ ಎದೆಗಾರಿಕೆಯ ಮಾತು, ಕೊನೆಗೆ ಒಂದೇ ಕ್ಲಬ್ಬಿಗೆ ಆಟದ ಬದುಕನ್ನೆಲ್ಲ ಕೊಟ್ಟ ನಿಷ್ಠೆಯ ಮಾತು. ಇವು ಯಾವುವೂ ಸುಳ್ಳಲ್ಲ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ, ಅವರು ಆಟದಲ್ಲಿ ಸಾಧಾರಣರು, ಕೇವಲ ಧೈರ್ಯದ ಬಲದಿಂದ ಮೇಲೆ ಬಂದವರು ಎಂಬ ಅರ್ಥ ತಾನಾಗಿಯೇ ಹೊರಡುತ್ತದೆ. ಹೊಗಳುತ್ತ ಹೊಗಳುತ್ತಲೇ ನಾವು ಅವರ ವಿದ್ಯೆಯನ್ನು ಮರೆಸುತ್ತಿದ್ದೇವೆ ಎಂಬುದು ನನ್ನ ಆಕ್ಷೇಪ. ಅದಕ್ಕಾಗಿ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಪುಯೋಲ್ ಹುಟ್ಟಿದ್ದು 1978ರ ಏಪ್ರಿಲ್ 13ರಂದು, ಸ್ಪೇನ್‌ನ ಕೆಟಲೋನಿಯಾದ ಲ್ಯೆಯ್ಡಾ ಪ್ರಾಂತ್ಯದಲ್ಲಿ, ಪಿರನೀಸ್ ಬೆಟ್ಟಗಳ ತಪ್ಪಲಿನ ಲಾ ಪೊಬ್ಲಾ ದೆ ಸೆಗುರ್ ಎಂಬ ಸಣ್ಣ ಊರಿನಲ್ಲಿ. ಹುಡುಗನಾಗಿದ್ದಾಗ ಗೋಲ್‌ಕೀಪರ್ ಆಗಿ ಆಡಿದರು, ಮುಂಚೂಣಿಯಲ್ಲೂ ಆಡಿದರು. ಬಾರ್ಸಿಲೋನಾದ ಲಾ ಮಾಸಿಯಾ ತರಬೇತಿ ಕೇಂದ್ರವನ್ನು ಸೇರಿದಾಗ 1995ನೇ ಇಸವಿ, ಅವರಿಗೆ 17 ವರ್ಷ. ಮುಂದೆ ಅವರ ಸಹ ಆಟಗಾರರಾದ ಕ್ಸಾವಿ 11ರ ವಯಸ್ಸಿಗೆ, ಇನಿಯೆಸ್ತಾ 12ರ ವಯಸ್ಸಿಗೆ ಒಳಗೆ ಬಂದವರೆಂಬುದನ್ನು ನೆನೆದರೆ ಇದು ಎಷ್ಟು ತಡವೆಂದು ತಿಳಿಯುತ್ತದೆ. ಬೇರೆಯವರು ಬಾಲ್ಯದಿಂದ ಮೈಗೂಡಿಸಿಕೊಂಡ ಆಟದ ಪದ್ಧತಿಯನ್ನು ಅವರು ಯೌವನದಲ್ಲಿ ಕಲಿಯಬೇಕಾಯಿತು. ಮಧ್ಯಭಾಗದಿಂದ ಬಲಬದಿಯ ರಕ್ಷಣೆಗೆ, ಅಲ್ಲಿಂದ ರಕ್ಷಣೆಯ ನಡುವಿಗೆ ಸರಿಯುತ್ತ ಪ್ರತಿ ಸ್ಥಾನದ ಕೆಲಸವನ್ನೂ ಹೊಸದಾಗಿ ಅರಿಯಬೇಕಾಯಿತು. 1999ರ ಅಕ್ಟೋಬರ್ 2ರಂದು, ಲೂಯಿ ವಾನ್ ಗಾಲ್ ತರಬೇತುದಾರರಾಗಿದ್ದಾಗ, ವಯ್ಯದೊಲಿದ್ ವಿರುದ್ಧ ಮೊದಲ ತಂಡದ ಪರವಾಗಿ ಲೀಗ್ ಪಂದ್ಯಕ್ಕೆ ಇಳಿದರು. ಅಂದಿನಿಂದ 2014ರವರೆಗೆ ಆಡಿದ ಅಧಿಕೃತ ಪಂದ್ಯಗಳು 593.

ಐದು ಅಡಿ ಹತ್ತು ಅಂಗುಲದ ಎತ್ತರ ಸೆಂಟರ್ ಬ್ಯಾಕ್, ಅಂದರೆ ರಕ್ಷಣೆಯ ನಡುವಿನ ಸ್ಥಾನಕ್ಕೆ ಕಡಿಮೆಯೇ. ಅಂಥ ಒಬ್ಬ ಆಟಗಾರ ಹದಿನೈದು ವರ್ಷ ಯುರೋಪಿನ ಶ್ರೇಷ್ಠ ಮುಂಚೂಣಿ ಆಟಗಾರರ ಎದುರು ನಿಂತದ್ದು ಬರೀ ಧೈರ್ಯದಿಂದ ಆಗುವ ಕೆಲಸವೇ? ಬಲ್ಲವರು ಹೇಳಬೇಕು.

ಹಳೆಯ ಕ್ಯಾಂಪ್ ನೌ ಅಭಿಮಾನಿ:

ಒಳ್ಳೆಯ ಪ್ರಶ್ನೆ. ಆದರೆ ಜನಪ್ರಿಯತೆಯ ವಿಷಯಕ್ಕೆ ಬಂದರೆ ಕಾಲವನ್ನು ಮರೆಯಬಾರದು. ಇಂದಿನ ಓದುಗರು ಪುಯೋಲ್ ಎಂದರೆ ಗ್ವಾರ್ದಿಯೋಲಾ ತರಬೇತುದಾರರಾಗಿದ್ದ ಕಾಲದ ತಂಡವನ್ನು ನೆನೆಯುತ್ತಾರೆ. ಕೆಟಲೋನಿಯಾದ ಜನ ಅವರನ್ನು ತಮ್ಮವರೆಂದು ಒಪ್ಪಿಕೊಂಡದ್ದು ಅದಕ್ಕೂ ಬಹಳ ಮೊದಲು, ತಂಡ ಸೋಲುತ್ತಿದ್ದ ವರ್ಷಗಳಲ್ಲಿ. 1999ರ ಲೀಗ್ ಪ್ರಶಸ್ತಿಯ ನಂತರ 2005ರವರೆಗೆ ಬಾರ್ಸಿಲೋನಾ ಯಾವ ದೊಡ್ಡ ಪ್ರಶಸ್ತಿಯನ್ನೂ ಗೆಲ್ಲಲಿಲ್ಲ. ಅಂದರೆ ಪುಯೋಲ್ ತಂಡಕ್ಕೆ ಬಂದ ಮೇಲಿನ ಮೊದಲ ಐದು ಋತುಗಳೂ ಬರಿಗೈಯವು. ತರಬೇತುದಾರರು ಒಬ್ಬರ ಹಿಂದೆ ಒಬ್ಬರು ಬದಲಾದರು, ದುಬಾರಿ ಆಟಗಾರರು ಬಂದು ಹೋದರು, ಗ್ಯಾಲರಿಯಲ್ಲಿ ಅಸಮಾಧಾನದ ಬಿಳಿ ಕರವಸ್ತ್ರಗಳು ಹಾರಾಡಿದವು.

ಅಂಥ ದಿನಗಳ ಎರಡು ಘಟನೆಗಳನ್ನು ಹೇಳುತ್ತೇನೆ. ಲೂಯಿಸ್ ಫಿಗೋ ಬಾರ್ಸಿಲೋನಾವನ್ನು ಬಿಟ್ಟು ರಿಯಲ್ ಮ್ಯಾಡ್ರಿಡ್ ಸೇರಿದ ಮೇಲೆ 2000ದ ಅಕ್ಟೋಬರ್ 21ರಂದು ಮೊದಲ ಬಾರಿಗೆ ಎದುರಾಳಿಯಾಗಿ ಬಾರ್ಸಿಲೋನಾದ ಮೈದಾನ ಕ್ಯಾಂಪ್ ನೌಗೆ ಬಂದರು. ಇಡೀ ಕ್ರೀಡಾಂಗಣ ಅವರ ಮೇಲಿನ ಸಿಟ್ಟಿನಿಂದ ಕುದಿಯುತ್ತಿತ್ತು. ಅವರ ಬೆನ್ನು ಬಿಡದ ಕೆಲಸ 22 ವರ್ಷದ ಪುಯೋಲ್ ಪಾಲಿಗೆ ಬಂತು. ಜನರ ಸಿಟ್ಟಿಗೆ ತಾವೂ ಬಲಿಯಾಗಿ ಒರಟಾಗಿ ಆಡಬಹುದಿತ್ತು. ಹಾಗೆ ಮಾಡದೆ ಚೆಂಡು ಬರುವ ದಾರಿಯನ್ನೇ ಮುಚ್ಚಿ, ಫಿಗೋ ಅವರಿಗೆ ತಿರುಗಲು ಜಾಗ ಕೊಡದೆ ಆಡಿದರು. ಬಾರ್ಸಿಲೋನಾ 2-0ಯಿಂದ ಗೆದ್ದಿತು. ಎರಡನೆಯದು 2002ರಲ್ಲಿ ಯುರೋಪಿನ ಕ್ಲಬ್ಬುಗಳ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಲೊಕೊಮೊಟಿವ್ ಮಾಸ್ಕೋ ವಿರುದ್ಧದ ಪಂದ್ಯ. ಗೋಲ್‌ಕೀಪರ್ ದಾಟಿಹೋಗಿದ್ದ ಚೆಂಡಿಗೆ ಪುಯೋಲ್ ಗೋಲ್ ಎದುರು ನಿಂತು ಎದೆಯೊಡ್ಡಿದರು. ಅದು ಅಂಗಿಯ ಮೇಲಿನ ಕ್ಲಬ್ ಲಾಂಛನಕ್ಕೇ ಬಡಿಯಿತು. ಆ ಚಿತ್ರವನ್ನು ಬಾರ್ಸಿಲೋನಾದ ಜನ ಇಂದಿಗೂ ಮರೆತಿಲ್ಲ.

2004ರಲ್ಲಿ ಲೂಯಿಸ್ ಎನ್ರಿಕೆ ನಿವೃತ್ತರಾದ ಮೇಲೆ ನಾಯಕತ್ವ ಪುಯೋಲ್ ಅವರಿಗೆ ಬಂದಾಗ ಯಾರಿಗೂ ಅಚ್ಚರಿಯಾಗಲಿಲ್ಲ. ಗೆಲುವಿನ ಕಾಲದಲ್ಲಿ ಬಂದ ಜನಪ್ರಿಯತೆಗೂ ಸೋಲಿನ ಕಾಲದಲ್ಲಿ ಗಳಿಸಿದ ಜನಪ್ರಿಯತೆಗೂ ವ್ಯತ್ಯಾಸವಿದೆ, ಮತ್ತು ಪುಯೋಲ್ ಅವರದು ಎರಡನೆಯ ಬಗೆಯದು ಎಂಬುದು ನನ್ನ ನಂಬಿಕೆ.

ಬಿಳಿ ಅಂಗಿಯ ಪಕ್ಷ:

ಪುಯೋಲ್ ಅವರ ಬಗ್ಗೆ ನನಗೂ ಗೌರವವಿದೆ. ರಿಯಲ್ ಮ್ಯಾಡ್ರಿಡ್ ಅಭಿಮಾನಿಗಳಲ್ಲಿ ಅನೇಕರಿಗೆ ಇದೆ. ಆದರೂ ಈ ಚರ್ಚೆ ಒಂದೇ ಕಡೆಗೆ ವಾಲಬಾರದೆಂದು ಕೆಲವು ಮಾತು ಬರೆಯುತ್ತೇನೆ. ಸ್ಪೇನ್‌ನ ರಕ್ಷಣಾ ಆಟಗಾರರಲ್ಲಿ ಶ್ರೇಷ್ಠರು ಯಾರೆಂದು ಕೇಳಿದರೆ ನಾನು ಸೆರ್ಜಿಯೋ ರಾಮೋಸ್ ಅವರ ಹೆಸರನ್ನೇ ಹೇಳುತ್ತೇನೆ. ರಿಯಲ್ ಮ್ಯಾಡ್ರಿಡ್ ಪರವಾಗಿ 671 ಪಂದ್ಯಗಳಲ್ಲಿ 101 ಗೋಲು ಹೊಡೆದ ರಕ್ಷಣಾ ಆಟಗಾರ ಅವರು. ದೇಶದ ಪರವಾಗಿ ಆಡಿದ 180 ಪಂದ್ಯಗಳು ಸ್ಪೇನ್‌ನ ದಾಖಲೆ. 2014ರಲ್ಲಿ ಲಿಸ್ಬನ್‌ನ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ, ಅತ್ಲೆಟಿಕೊ ಮ್ಯಾಡ್ರಿಡ್ ಗೆದ್ದೇಬಿಟ್ಟಿತೆಂದು ಎಲ್ಲರೂ ಭಾವಿಸಿದ್ದಾಗ, 93ನೇ ನಿಮಿಷದಲ್ಲಿ ಅವರು ಹೊಡೆದ ಹೆಡರ್ ಕ್ಲಬ್ಬಿನ ಚರಿತ್ರೆಯ ದಿಕ್ಕನ್ನೇ ಬದಲಿಸಿತು. ಚೆಂಡನ್ನು ದೂರಕ್ಕೆ ಕರಾರುವಾಕ್ಕಾಗಿ ಕಳಿಸುವ ವಿದ್ಯೆಯಲ್ಲಿ ಪುಯೋಲ್ ಅವರಿಗೂ ರಾಮೋಸ್ ಅವರಿಗೂ ಬಹಳ ಅಂತರವಿದೆ.

ಇನ್ನೊಂದು. ಬಾರ್ಸಿಲೋನಾದ ಆಟ ಹಿಂದಿನಿಂದಲೇ ಪಾಸುಗಳ ಮೂಲಕ ಕಟ್ಟುತ್ತ ಹೋಗುವಂಥದ್ದು. ಆ ಕೆಲಸವನ್ನು ಮಾಡುತ್ತಿದ್ದವರು ಜೆರಾರ್ಡ್ ಪಿಕೆ, ಪುಯೋಲ್ ಅಲ್ಲ. 2010ರ ವಿಶ್ವಕಪ್ ಫೈನಲ್‌ನ ನಿಗದಿತ ಸಮಯದ ಕೊನೆಯ ಹತ್ತು ನಿಮಿಷಗಳನ್ನು ನೆನೆಯಿರಿ. ನೆದರ್ಲೆಂಡ್ಸ್‌ನ ಆರ್ಯನ್ ರಾಬೆನ್ ಪುಯೋಲ್ ಅವರನ್ನು ಓಟದಲ್ಲಿ ದಾಟಿಹೋದರು. ಪುಯೋಲ್ ಆಗ ರಾಬೆನ್ ಅವರನ್ನು ಹಿಡಿದೆಳೆಯಲು ನೋಡಿದರು. ಸ್ಪೇನ್‌ನ ಗೋಲ್‌ಕೀಪರ್ ಕಸಿಯಾಸ್ ಮುಂದೆ ಬಂದು ಚೆಂಡನ್ನು ತಡೆಯದಿದ್ದರೆ ಕಥೆ ಬೇರೆಯಾಗುತ್ತಿತ್ತು. ಆಟದ ಅರಿವು ಅಷ್ಟು ಪರಿಪೂರ್ಣವಾಗಿದ್ದರೆ ಆ ಸ್ಥಿತಿ ಯಾಕೆ ಬಂತು?

ಬಲಬದಿಯ ರಕ್ಷಕ:

ರಾಬೆನ್ ಅವರ ಆ ಓಟವನ್ನು ನೀವು ಎತ್ತಿದ್ದು ಒಳ್ಳೆಯದಾಯಿತು, ಏಕೆಂದರೆ ನನ್ನ ವಾದಕ್ಕೆ ಅದು ಬೇಕಾದ ಉದಾಹರಣೆಯೇ. ಅಂದು ಪುಯೋಲ್ ಅವರಿಗೆ 32 ವರ್ಷ, ಎದುರಿದ್ದವರು ಆ ದಿನಗಳ ಅತಿ ವೇಗದ ಓಟಗಾರರಲ್ಲಿ ಒಬ್ಬರು. ಆರಂಭದ ಹೆಜ್ಜೆಗಳಲ್ಲಿ ಪುಯೋಲ್ ಸೋತರು, ನಿಜ. ಆದರೂ ಪೂರ್ತಿ ಬಿಟ್ಟುಕೊಡಲಿಲ್ಲ. ರಾಬೆನ್ ಎಳೆತಕ್ಕೆ ಬೀಳದೆ ಓಡುತ್ತಲೇ ಇದ್ದುದರಿಂದ ರೆಫರಿ ಹೋವರ್ಡ್ ವೆಬ್ ಸೀಟಿ ಊದಲಿಲ್ಲ. ಆ ಕ್ಷಣದ ಗೊಂದಲದಲ್ಲಿ ರಾಬೆನ್ ಅವರ ಮುಂದಿನ ಸ್ಪರ್ಶ ಸ್ವಲ್ಪ ಉದ್ದವಾಗಿ, ಚೆಂಡು ಕಸಿಯಾಸ್ ಕೈಗೆ ಸಿಕ್ಕಿತು. ನಿಯಮದ ದೃಷ್ಟಿಯಿಂದ ಅದು ತಪ್ಪೇ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಒಂದು ಘಟನೆಯಿಂದ ಇಡೀ ಪಂದ್ಯಾವಳಿಯನ್ನು ಅಳೆಯುವುದು ಸರಿಯಲ್ಲ. ಸ್ಪೇನ್ ಆ ವಿಶ್ವಕಪ್‌ನ ಏಳು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಎರಡೇ ಗೋಲು, ಒಂದು ಸ್ವಿಟ್ಜರ್ಲೆಂಡ್‌ಗೆ, ಇನ್ನೊಂದು ಚಿಲಿಗೆ. ನಾಕೌಟ್ ಹಂತದ ನಾಲ್ಕೂ ಪಂದ್ಯಗಳನ್ನು 1-0ಯಿಂದ ಗೆದ್ದರು. ಎರಡು ವರ್ಷ ಹಿಂದೆ ಯುರೋಪಿನ ದೇಶಗಳ ಪಂದ್ಯಾವಳಿ ಯೂರೋ 2008ರಲ್ಲೂ ಕ್ವಾರ್ಟರ್ ಫೈನಲ್‌ನಿಂದ ಫೈನಲ್‌ವರೆಗೆ ಅವರ ಗೋಲಿಗೆ ಒಂದು ಚೆಂಡೂ ಹೋಗಲಿಲ್ಲ. ಎರಡೂ ಕಡೆ ನಡುವಿನ ರಕ್ಷಣೆಯಲ್ಲಿ ಪುಯೋಲ್ ಇದ್ದರು. ಜೊತೆಗಾರರು ಮಾತ್ರ ಬದಲಾಗಿದ್ದರು, ಮೊದಲು ಮಾರ್ಚೆನಾ, ಆಮೇಲೆ ಪಿಕೆ.

ಇನ್ನು ಪಿಕೆ ಅವರ ವಿಷಯ. ಚೆಂಡನ್ನು ಮುಂದಕ್ಕೆ ಒಯ್ಯುವ ಸ್ವಾತಂತ್ರ್ಯ ಪಿಕೆಗೆ ಸಿಕ್ಕಿದ್ದು ಹಿಂದೆ ಪುಯೋಲ್ ಇದ್ದುದರಿಂದ. 2008ರಲ್ಲಿ ಗ್ವಾರ್ದಿಯೋಲಾ ಬಂದ ಮೇಲೆ ಬಾರ್ಸಿಲೋನಾದ ರಕ್ಷಣಾ ಸಾಲು ಮೈದಾನದ ನಡುಗೆರೆಯ ಹತ್ತಿರಕ್ಕೇ ಸರಿಯಿತು. ಡಾನಿ ಆಲ್ವೆಸ್ ಬಲಬದಿಯಿಂದ ಮುಂಚೂಣಿಯವರೆಗೆ ಓಡಿಬಿಡುತ್ತಿದ್ದರು. ಹಿಂದೆ ಉಳಿಯುತ್ತಿದ್ದದ್ದು ಬಯಲಿನಷ್ಟು ಖಾಲಿ ಜಾಗ. ಅಷ್ಟು ಜಾಗವನ್ನು ಕಾಯುವವನು ಚೆಂಡು ಹೊರಟ ಮೇಲೆ ಓಡಲು ಆರಂಭಿಸಿದರೆ ಕೆಲಸ ಕೆಟ್ಟಿತು. ಎದುರಾಳಿಯ ಭುಜ ಎತ್ತ ತಿರುಗಿದೆ, ಅವನ ನಿಂತ ಕಾಲು ಯಾವುದು, ಪಾಸ್ ಕೊಡುವವನ ಮೇಲೆ ಒತ್ತಡವಿದೆಯೇ ಇಲ್ಲವೇ, ಇವನ್ನೆಲ್ಲ ನೋಡಿ ಅದಕ್ಕೂ ಮೊದಲೇ ಎರಡು ಹೆಜ್ಜೆ ಹಿಂದೆ ಸರಿದಿರಬೇಕು. ಕೆರೆಯ ಏರಿಯಲ್ಲಿ ಬಿರುಕು ಕಾಣಿಸಿದೊಡನೆ ಮಣ್ಣು ಹಾಕುವ ನೀರುಗಂಟಿಯ ಕೆಲಸವದು. ಕೆರೆ ಒಡೆಯದಿದ್ದರೆ ಯಾರೂ ಅವನನ್ನು ನೆನೆಯುವುದಿಲ್ಲ. ಪುಯೋಲ್ ಜಾರಿಬಿದ್ದು ಮಾಡಿದ ಕೊನೆಯ ಕ್ಷಣದ ಟ್ಯಾಕಲ್‌ಗಳನ್ನು ನಾವು ವೀಡಿಯೊಗಳಲ್ಲಿ ನೋಡುತ್ತೇವೆ. ಟ್ಯಾಕಲ್ ಬೇಕಾಗದಂತೆ ಅವರು ಮಾಡಿದ ನೂರಾರು ಸಣ್ಣ ಓಟಗಳನ್ನು ಯಾವ ವೀಡಿಯೊವೂ ತೋರಿಸುವುದಿಲ್ಲ. ಅವರ ಹೆಸರು ಧೈರ್ಯಕ್ಕಷ್ಟೇ ಅಂಟಿಕೊಂಡದ್ದು ಹೀಗೆ.

ರಾಮೋಸ್ ಅವರ ಗೋಲುಗಳನ್ನು ಯಾರೂ ಅಲ್ಲಗಳೆಯಲಾರರು. ರಕ್ಷಣಾ ಆಟಗಾರನನ್ನು ಗೋಲುಗಳಿಂದ ಅಳೆಯುವುದಾದರೆ ಅವರೇ ಮುಂದೆ. ನಾನು ಅಳೆಯುವ ಕೋಲು ಬೇರೆ.

ಹಳೆಯ ಕ್ಯಾಂಪ್ ನೌ ಅಭಿಮಾನಿ:

ಇದಕ್ಕೆ ಒಂದು ಸೇರಿಸುತ್ತೇನೆ. ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ 2006ರಲ್ಲಿ ಪುಯೋಲ್ ಅವರನ್ನು ಕ್ಲಬ್ ಫುಟ್‌ಬಾಲ್‌ನ ಅತ್ಯುತ್ತಮ ರಕ್ಷಣಾ ಆಟಗಾರನೆಂದು ಆರಿಸಿತು. ಅದೇ ವರ್ಷ ಮೇ 17ರಂದು ಪ್ಯಾರಿಸ್‌ನಲ್ಲಿ ಆರ್ಸೆನಲ್ ತಂಡವನ್ನು 2-1ರಿಂದ ಸೋಲಿಸಿ ಅವರು ನಾಯಕರಾಗಿ ಚಾಂಪಿಯನ್ಸ್ ಲೀಗ್ ಗೆದ್ದಿದ್ದರು. 2009ರ ರೋಮ್ ಫೈನಲ್‌ನಲ್ಲಿ ಆಲ್ವೆಸ್ ನಿಷೇಧದಿಂದಾಗಿ ಆಡುವಂತಿರಲಿಲ್ಲ. ಪುಯೋಲ್ ತಮ್ಮ ಹಳೆಯ ಬಲಬದಿಗೆ ಮರಳಿದರು, ನಡುವೆ ಪಿಕೆ ಜೊತೆಗೆ ಯಾಯಾ ತುರೆ ನಿಂತರು. ಮ್ಯಾಂಚೆಸ್ಟರ್ ಯುನೈಟೆಡ್‌ನಂಥ ತಂಡದ ಎದುರು ಫೈನಲ್‌ನಲ್ಲಿ ಸ್ಥಾನ ಬದಲಿಸಿ ಆಡಿ 2-0ಯಿಂದ ಗೆಲ್ಲುವುದಕ್ಕೆ ಗುಂಡಿಗೆ ಸಾಕಾಗುವುದಿಲ್ಲ, ವಿದ್ಯೆ ಬೇಕು.

ಮಧ್ಯರಾತ್ರಿಯ ವೀಕ್ಷಕ:

ಡರ್ಬನ್ ಗೋಲಿನ ಬಗ್ಗೆ ಇನ್ನೂ ಯಾರೂ ಬರೆದಿಲ್ಲವಲ್ಲ! 2010ರ ಜುಲೈ 7, ಜರ್ಮನಿ ವಿರುದ್ಧ ವಿಶ್ವಕಪ್ ಸೆಮಿಫೈನಲ್. ನಮ್ಮಲ್ಲಿ ಪಂದ್ಯ ಆರಂಭವಾದಾಗ ರಾತ್ರಿ ಹನ್ನೆರಡು. ಅದಕ್ಕೆ ಮೊದಲಿನ ಪಂದ್ಯಗಳಲ್ಲಿ ಜರ್ಮನಿ ಇಂಗ್ಲೆಂಡ್‌ಗೂ ಅರ್ಜೆಂಟಿನಾಗೂ ತಲಾ ನಾಲ್ಕು ಗೋಲು ಹೊಡೆದು ಬಂದಿತ್ತು. ಎತ್ತರದ ಆಟಗಾರರಿದ್ದ ಆ ತಂಡದ ವಿರುದ್ಧ ಸ್ಪೇನ್ ತಲೆಯಿಂದ ಗೋಲು ಹೊಡೆದೀತೆಂದು ನಿರೀಕ್ಷಿಸಿದವರು ಕಡಿಮೆ.

73ನೇ ನಿಮಿಷದಲ್ಲಿ ಕ್ಸಾವಿ ಕಾರ್ನರ್ ಹೊಡೆದರು. ಪುಯೋಲ್ ಪೆನಾಲ್ಟಿ ಪ್ರದೇಶದ ಅಂಚಿನಿಂದ ಓಡಿಬಂದು, ತಮಗಿಂತ ಎಷ್ಟೋ ಎತ್ತರದ ಪಿಕೆಯನ್ನೂ ಮೀರಿ ಹಾರಿ, ಹಣೆಯಿಂದ ಬಲವಾಗಿ ಹೊಡೆದರು. ಜರ್ಮನಿಯ ಗೋಲ್‌ಕೀಪರ್ ನೊಯರ್ ಅವರಿಗೆ ಏನೂ ಮಾಡಲಾಗಲಿಲ್ಲ. ಇದನ್ನು ಕೇವಲ ಆವೇಶದ ಜಿಗಿತವೆಂದು ವಿವರಿಸುವುದನ್ನು ಕೇಳಿದ್ದೇನೆ. ಆದರೆ ನಿಂತಲ್ಲೇ ಹಾರುವವನಿಗಿಂತ ಓಡಿಬಂದು ಹಾರುವವನು ಮೇಲೇರುತ್ತಾನೆ. ಆ ಓಟಕ್ಕೆ ಹಾದಿ ತೆರವಾಗಿರಬೇಕು, ಚೆಂಡು ಬೀಳುವ ಜಾಗ ಇಬ್ಬರಿಗೂ ಮೊದಲೇ ತಿಳಿದಿರಬೇಕು. ಲಾ ಮಾಸಿಯಾದ ದಿನಗಳಿಂದ ಜೊತೆಗಿದ್ದ ಕ್ಸಾವಿಗೂ ಪುಯೋಲ್‌ಗೂ ಅದು ಅಭ್ಯಾಸವಾಗಿತ್ತು. 2009ರ ಮೇ 2ರಂದು ರಿಯಲ್ ಮ್ಯಾಡ್ರಿಡ್‌ನ ಮೈದಾನ ಬೆರ್ನಬೆವುನಲ್ಲಿ ಬಾರ್ಸಿಲೋನಾ 6-2ರಿಂದ ಗೆದ್ದಾಗ ತಂಡದ ಎರಡನೇ ಗೋಲೂ ಇದೇ ಬಗೆಯದು: ಕ್ಸಾವಿ ಫ್ರೀ ಕಿಕ್, ಪುಯೋಲ್ ಹೆಡರ್. ಆಮೇಲೆ ಅವರು ತೋಳಿನ ನಾಯಕನ ಪಟ್ಟಿಯನ್ನು ಕಳಚಿ ಮುತ್ತಿಟ್ಟರು. ಅದರ ಮೇಲೆ ಕೆಟಲೋನಿಯಾದ ಬಾವುಟದ ಹಳದಿ-ಕೆಂಪು ಪಟ್ಟೆಗಳಿದ್ದವು. ಅದೇ ಮನುಷ್ಯ ಮರುವರ್ಷ ಸ್ಪೇನ್ ದೇಶವನ್ನು ಮೊದಲ ಬಾರಿಗೆ ವಿಶ್ವಕಪ್ ಫೈನಲ್‌ಗೆ ಒಯ್ದರು. ಕೆಟಲೋನಿಯಾ, ಉಳಿದ ಸ್ಪೇನ್ ಎರಡೂ ಕಡೆಯ ಜನ ಅವರನ್ನು ಒಪ್ಪಿಕೊಂಡದ್ದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಬಿಳಿ ಅಂಗಿಯ ಪಕ್ಷ:

ಆ ಕೊನೆಯ ಮಾತನ್ನು ನಾನೂ ಒಪ್ಪುತ್ತೇನೆ. 2010ರ ನವೆಂಬರ್‌ನಲ್ಲಿ ನಮ್ಮ ಮ್ಯಾಡ್ರಿಡ್ ವಿರುದ್ಧ ಬಾರ್ಸಿಲೋನಾ 5-0ಯಿಂದ ಗೆದ್ದ ಪಂದ್ಯದಲ್ಲಿ ರಾಮೋಸ್ ತಾಳ್ಮೆ ಕಳೆದುಕೊಂಡು ಪುಯೋಲ್ ಅವರ ಮುಖಕ್ಕೆ ಕೈ ಹಾಕಿ ತಳ್ಳಿದರು, ಕೆಂಪು ಕಾರ್ಡ್ ಪಡೆದು ಹೊರನಡೆದರು. ಕೆಲವೇ ತಿಂಗಳ ಹಿಂದೆ ಇಬ್ಬರೂ ಒಂದೇ ಅಂಗಿ ತೊಟ್ಟು ವಿಶ್ವಕಪ್ ಗೆದ್ದಿದ್ದರು. ಪುಯೋಲ್ ತಿರುಗಿ ಕೈ ಎತ್ತಲಿಲ್ಲ. 2012ರ ಏಪ್ರಿಲ್‌ನಲ್ಲಿ ರಾಯೋ ವಯ್ಯೆಕಾನೊ ವಿರುದ್ಧ ಬಾರ್ಸಿಲೋನಾ 7-0ಯಿಂದ ಗೆದ್ದ ಪಂದ್ಯದಲ್ಲಿ ತಿಯಾಗೊ ಮತ್ತು ಆಲ್ವೆಸ್ ಗೋಲಿನ ಸಂಭ್ರಮಕ್ಕೆ ಕುಣಿಯತೊಡಗಿದರು. ಪುಯೋಲ್ ಓಡಿಹೋಗಿ ಅವರನ್ನು ತಡೆದರು. ಸೋಲುತ್ತಿರುವವರನ್ನು ಅವಮಾನಿಸಬಾರದೆಂಬುದು ಅವರ ನಿಲುವು. ಎದುರಾಳಿ ತಂಡದ ಅಭಿಮಾನಿಯಾಗಿ ಹೇಳುತ್ತೇನೆ, ನಮ್ಮ ಗೌರವ ಅವರಿಗೆ ಸಂದದ್ದು ಇಂಥ ನಡವಳಿಕೆಗೆ. ಹಾಗಾದರೆ ಜನಪ್ರಿಯತೆಯ ಕಾರಣ ಆಟದ ಅರಿವಲ್ಲ, ಸ್ವಭಾವ ಎಂದಾಗುವುದಿಲ್ಲವೇ?

ಬಲಬದಿಯ ರಕ್ಷಕ:

ಎರಡನ್ನೂ ಬೇರ್ಪಡಿಸಲು ನನಗೆ ಮನಸ್ಸಿಲ್ಲ. ಮೈದಾನದಲ್ಲಿ ಆ ತಾಳ್ಮೆ ಇದ್ದವನಿಗೇ ಇಡೀ ಸಾಲನ್ನು ತೊಂಬತ್ತು ನಿಮಿಷ ಕಾಯುವ ಏಕಾಗ್ರತೆ ಸಾಧ್ಯ. 2011ರಲ್ಲಿ ವೆಂಬ್ಲಿಯಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ನೋಡಿ. ಗಾಯಗಳ ಆ ಋತುವಿನಲ್ಲಿ ಅವರಿಗೆ ಮೊದಲ ಹನ್ನೊಂದರಲ್ಲಿ ಸ್ಥಾನವಿರಲಿಲ್ಲ, ಕೊನೆಯ ಕೆಲವು ನಿಮಿಷಗಳಿಗೆ ಇಳಿದರು. ಕಪ್ ಎತ್ತುವ ಹೊತ್ತಿಗೆ ತೋಳುಪಟ್ಟಿಯನ್ನು ಸಹ ಆಟಗಾರ ಎರಿಕ್ ಅಬಿದಾಲ್‌ಗೆ ತೊಡಿಸಿ, ಮೊದಲು ಎತ್ತುವ ಗೌರವವನ್ನು ಅವರಿಗೆ ಬಿಟ್ಟುಕೊಟ್ಟರು. ಯಕೃತ್ತಿನ ಗೆಡ್ಡೆಗೆ ಶಸ್ತ್ರಚಿಕಿತ್ಸೆಯಾಗಿ ಅಬಿದಾಲ್‌ಗೆ ಎರಡೂವರೆ ತಿಂಗಳೂ ತುಂಬಿರಲಿಲ್ಲ, ಆದರೂ ಪೂರ್ತಿ ಪಂದ್ಯ ಆಡಿದ್ದರು. ಇಲ್ಲಿ ಏನು ಆಗಬೇಕು, ಯಾರು ಮುಂದೆ ಇರಬೇಕು ಎಂಬುದನ್ನು ಕಾಣುವ ಕಣ್ಣು ಅದು. ಆಟದಲ್ಲಿ ಬಳಸಿದ್ದೂ ಅದೇ ಕಣ್ಣು.

ಕಂಠೀರವ ಗ್ಯಾಲರಿ:

ಬೆಂಗಳೂರಿನ ಓದುಗರಿಗಾಗಿ ಒಂದು ಸಂಬಂಧವನ್ನು ಇಲ್ಲಿ ದಾಖಲಿಸಬೇಕು. ಪುಯೋಲ್ ನಾಯಕರಾಗಿ 2006ರ ಚಾಂಪಿಯನ್ಸ್ ಲೀಗ್ ಗೆದ್ದಾಗ ಫ್ರಾಂಕ್ ರೈಕಾರ್ಡ್ ಅವರ ತರಬೇತಿ ಬಳಗದಲ್ಲಿ ಆಲ್ಬರ್ಟ್ ರೋಕಾ ಇದ್ದರು. ಅದೇ ರೋಕಾ 2016ರಲ್ಲಿ ಬೆಂಗಳೂರು ಎಫ್‌ಸಿಯ ಮುಖ್ಯ ತರಬೇತುದಾರರಾಗಿ ನಮ್ಮೂರಿಗೆ ಬಂದರು. ಅವರ ತಂಡದ ರಕ್ಷಣೆಯ ನಡುವೆ ನಿಂತವರು ಸ್ಪೇನ್‌ನ ಜುವಾನನ್. ಆ ವರ್ಷದ ಅಕ್ಟೋಬರ್‌ನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ ಬೆಂಗಳೂರು ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತಲುಪಿದಾಗ ಎರಡು ಗೋಲು ಸುನಿಲ್ ಛೆಟ್ರಿ ಅವರದು, ಮೂರನೆಯದು ಜುವಾನನ್ ಅವರದು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಆ ಫೈನಲ್‌ಗೆ ಹೋಗಿರಲಿಲ್ಲ.

ಜುವಾನನ್ ಅವರನ್ನು ಪುಯೋಲ್ ಅವರೊಂದಿಗೆ ತೂಗುವ ಉದ್ದೇಶ ನನಗಿಲ್ಲ. ಆದರೆ ಸ್ಪೇನ್‌ನ ರಕ್ಷಣಾ ಆಟಗಾರ ಸಾಲನ್ನು ಹೇಗೆ ಮಾತಿನಿಂದಲೇ ಹಿಡಿದಿಡುತ್ತಾನೆ ಎಂಬುದನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡದ್ದು ಅವರಿಂದ. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಗ್ಯಾಲರಿಯಲ್ಲಿ ಕುಳಿತವನಿಗೆ ಚೆಂಡಿಲ್ಲದ ಕಡೆ ಏನು ನಡೆಯುತ್ತಿದೆ ಎಂಬುದೂ ಕಾಣುತ್ತದೆ. ಚೆಂಡು ಎದುರಾಳಿಯ ಅರ್ಧದಲ್ಲಿದ್ದಾಗ ನಮ್ಮ ರಕ್ಷಕರು ಒಬ್ಬರನ್ನೊಬ್ಬರು ಕೂಗುತ್ತ, ಕೈ ತೋರಿಸುತ್ತ ಸಾಲನ್ನು ಮೇಲಕ್ಕೆ ತರುತ್ತಿದ್ದುದನ್ನು ನೋಡಿದ ಮೇಲೆ, ಬಲಬದಿಯ ರಕ್ಷಕ ಅವರು ಹೇಳುತ್ತಿರುವ ಮಾತು ನನಗೆ ಸುಲಭವಾಗಿ ಅರ್ಥವಾಗುತ್ತದೆ.

ಶಾಲಾ ತರಬೇತುದಾರ:

ಇಷ್ಟು ಓದಿದ ಮೇಲೆ ಒಂದು ವ್ಯಾವಹಾರಿಕ ಪ್ರಶ್ನೆ. ನಾನು ಹೈಸ್ಕೂಲ್ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೇನೆ. ರಕ್ಷಣೆಯಲ್ಲಿ ಆಡಲು ಯಾರೂ ಇಷ್ಟಪಡುವುದಿಲ್ಲ, ಎಲ್ಲರಿಗೂ ಮೆಸ್ಸಿಯಾಗುವ ಆಸೆ. ಪುಯೋಲ್ ಅವರ ಆಟವನ್ನು ತೋರಿಸಿ ಅವರಲ್ಲಿ ಆಸಕ್ತಿ ಹುಟ್ಟಿಸಬೇಕೆಂದರೆ ಯಾವ ಪಂದ್ಯಗಳನ್ನು ತೋರಿಸಲಿ? ಅವರ ಕೊನೆಯ ವರ್ಷಗಳ ಬಗ್ಗೆಯೂ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಹಳೆಯ ಕ್ಯಾಂಪ್ ನೌ ಅಭಿಮಾನಿ:

ಕೊನೆಯ ವರ್ಷಗಳು ನೋವಿನವು, ಸರ್. ಮಂಡಿಯ ಶಸ್ತ್ರಚಿಕಿತ್ಸೆಯಿಂದಾಗಿ ಯೂರೋ 2012 ತಪ್ಪಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆನ್ಫಿಕಾ ವಿರುದ್ಧ ಬಿದ್ದು ಮೊಣಕೈ ಕೀಲು ತಪ್ಪಿತು. 2013ರ ಫೆಬ್ರವರಿಯಲ್ಲಿ ದೋಹಾದಲ್ಲಿ ಉರುಗ್ವೆ ವಿರುದ್ಧ ಆಡಿದ್ದು ದೇಶದ ಪರವಾಗಿ ಅವರ ನೂರನೇ ಪಂದ್ಯ, ಕೊನೆಯದೂ ಅದೇ. ಕ್ಲಬ್ಬಿನೊಂದಿಗಿನ ಒಪ್ಪಂದ 2016ರವರೆಗೆ ಇದ್ದರೂ, ತಾವು ಬಯಸುವ ಮಟ್ಟಕ್ಕೆ ದೇಹ ಮರಳುತ್ತಿಲ್ಲವೆಂದು 2014ರ ಮಾರ್ಚ್‌ನಲ್ಲಿ ನಿರ್ಗಮನವನ್ನು ತಾವೇ ಘೋಷಿಸಿದರು. ಅಷ್ಟರಲ್ಲಿ ಆರು ಲೀಗ್, ಮೂರು ಚಾಂಪಿಯನ್ಸ್ ಲೀಗ್ ಪ್ರಶಸ್ತಿಗಳು ಅವರ ಹೆಸರಿಗಿದ್ದವು.

ಬಲಬದಿಯ ರಕ್ಷಕ:

ಸರ್, ಮಕ್ಕಳಿಗೆ ಆಯ್ದ ತುಣುಕುಗಳ ವೀಡಿಯೊ ತೋರಿಸಬೇಡಿ, ಪೂರ್ಣ ಪಂದ್ಯವನ್ನೇ ತೋರಿಸಿ. ಫಿಗೋ ವಿರುದ್ಧದ 2000ದ ಪಂದ್ಯದಿಂದ ಆರಂಭಿಸಬಹುದು, ಏಕೆಂದರೆ ಅಲ್ಲಿ ಕೆಲಸ ಸರಳವಾಗಿದೆ: ಒಬ್ಬ ಆಟಗಾರ, ಅವನನ್ನು ಕಾಯುವ ಇನ್ನೊಬ್ಬ. ಚೆಂಡು ಮ್ಯಾಡ್ರಿಡ್ ಬಳಿ ಇದ್ದಾಗಲೆಲ್ಲ ಪುಯೋಲ್ ಫಿಗೋ ಅವರಿಂದ ಎಷ್ಟು ದೂರದಲ್ಲಿ ನಿಲ್ಲುತ್ತಾರೆ ಎಂಬುದನ್ನು ಗಮನಿಸಲು ಹೇಳಿ. ಆಮೇಲೆ 2010ರ ಜರ್ಮನಿ ಪಂದ್ಯ. ಮಕ್ಕಳು ಗೋಲಿಗಾಗಿ ಕಾಯುತ್ತಾರೆ, ಕಾಯಲಿ. ಆದರೆ ಮೊದಲಾರ್ಧದಲ್ಲಿ ಒಂದು ಹದಿನೈದು ನಿಮಿಷ ಚೆಂಡನ್ನು ಬಿಟ್ಟು ಪುಯೋಲ್ ಒಬ್ಬರನ್ನೇ ನೋಡುವಂತೆ ಮಾಡಿ. ಜರ್ಮನಿಯ ಮುಂಚೂಣಿ ಆಟಗಾರ ಕ್ಲೋಸ ಚೆಂಡಿಗೆ ಬೆನ್ನು ಕೊಟ್ಟು ನಿಂತಾಗ ಇವರು ಎಲ್ಲಿದ್ದಾರೆ, ಪಿಕೆ ಮುಂದೆ ಹೋದಾಗ ಇವರು ಎತ್ತ ಸರಿಯುತ್ತಾರೆ, ಯಾರ ಕಡೆ ಕೈ ತೋರಿಸಿ ಕೂಗುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಲಿ. ಬೆರ್ನಬೆವುನ 6-2ನ್ನು ಕೊನೆಗೆ ಇಟ್ಟುಕೊಳ್ಳಿ. ಅದರಲ್ಲಿ ಮೆಸ್ಸಿಯೂ ತಿಯರಿ ಆನ್ರಿಯೂ ಎರಡೆರಡು ಗೋಲು ಹೊಡೆಯುವುದರಿಂದ ಮಕ್ಕಳ ಗಮನ ಹಿಂದಿನ ಸಾಲಿನಿಂದ ಬೇಗ ಸರಿದುಬಿಡುತ್ತದೆ.